ಆರು ಚಾಪೆಯ ಕೋಣೆಗೆ ಎಷ್ಟು ಆಕಾಶ

ಗಂಡ ತೊಮೊಹಿರೊನ ಶವಸಂಸ್ಕಾರ ಮುಗಿದ ಮೂರನೆಯ ದಿನ. ಹಳೆಯ ಕಾಗದ ಒಯ್ಯುವವರು ಬರುವ ವಾರ. ನಾನು ಪತ್ರಿಕೆಗಳನ್ನು ಕಟ್ಟಿ ಬಾಗಿಲ ಹೊರಗಿಟ್ಟೆ. ಒಂದೇ ಬಟ್ಟಲು ತೊಳೆದೆ. ಅವನು ಗೋಡೆಗೆ ತೂಗುಹಾಕಿದ್ದ ಉದ್ದನೆಯ ಬಿಳಿ ಕಾಗದ ಹಾಗೇ ಇತ್ತು. ಅದು ನಮ್ಮದಲ್ಲ. ಅದನ್ನು ಇಳಿಸಿ ಸುತ್ತಿಕೊಂಡು, ಅದರ ಜೊತೆ ಬಂದಿದ್ದ ಬಿದಿರಿನ ಕವೆಗೋಲನ್ನೂ ಹಿಡಿದು ಹೊರಟೆ. ಊರಿನ ಪತ್ರಿಕೆಗೆ ಕಸುಬಿನವರ ಬಗ್ಗೆ ಬರೆಯುವವಳು ನಾನು; ಈ ವಾರದ ಬರಹವೂ ಅವುಗಳ ಒಡತಿಯ ಮೇಲೆಯೇ.

ಬೆಳಗಿನ ಐದು ಗಂಟೆ. ಜಪಾನಿನ ನಮ್ಮೂರು ತಕಾಒಕಾದ, ಲೋಹ ಎರಕದವರ ಬೀದಿಯಲ್ಲಿ ಒಂದೇ ಕಿಟಕಿಗೆ ಬೆಳಕಿದೆ. ಒಳಗೆ ನೋಜಿಮಾ ಯಾಸುಯೊ ಗೋಧಿಯ ಅಂಟು ಕುದಿಸುತ್ತಿದ್ದಾರೆ. ವಯಸ್ಸು ಎಪ್ಪತ್ತಮೂರು. ಚಿತ್ರಗಳ ಬೆನ್ನಿಗೆ ಕಾಗದ ಅಂಟಿಸಿ, ಸುತ್ತ ಬಟ್ಟೆ ಕೂರಿಸಿ, ಗೋಡೆಗೆ ತೂಗುವ ಸುರುಳಿ ಮಾಡುವುದು ಅವರ ಕೆಲಸ. ಆದರೆ ಊರವರು ಹೆಚ್ಚಾಗಿ ಬರುವುದು ಒಂದು ಪ್ರಶ್ನೆ ಹಿಡಿದುಕೊಂಡು: ನಮ್ಮ ಕೋಣೆಗೆ ಎಷ್ಟು ದೊಡ್ಡ ಚಿತ್ರ ಒಪ್ಪುತ್ತದೆ?

"ಕೂತ್ಕೊಳಮ್ಮ. ಮಾತಾಡ್ಬೇಡ. ಕೆಂಪು ಬಣ್ಣ ಒದ್ದೆ ಮಾಡೋ ಹೊತ್ತು."

ಹಲಗೆಯ ಮೇಲೆ ಇರುವುದು ನಮ್ಮದೇ ಚಿತ್ರ. ತೊಮೊಹಿರೊನ ಅಜ್ಜ ಬರೆದದ್ದು. ಕೆಳಗೆ ಟೊಮೆಟೊ ಆಕಾರದ ಮೂರು ಕೆಂಪು ಕಾಕಿ ಹಣ್ಣು, ಮೇಲೆ ಮೂರು ಗೇಣು ಖಾಲಿ ಆಕಾಶ. ನೆಲಕ್ಕೆ ಹಾಸುವ ಚಾಪೆಯೇ ಇಲ್ಲಿ ಕೋಣೆಯ ಅಳತೆ; ನಮ್ಮ ಫ್ಲ್ಯಾಟಿನ ಆರು ಚಾಪೆಯ ಕೋಣೆಗೆ ಚಿತ್ರ ಉದ್ದವಾಯಿತು. ತುದಿ ಗಿಡ್ಡ ಕಪಾಟಿನ ಹಿಂದೆ ಸೇರಿಕೊಳ್ಳುತ್ತಿತ್ತು. ಆಕಾಶದಲ್ಲಿ ಒಂದು ಗೇಣು ಕೊಯ್ದುಬಿಡಿ ಎಂದು ತೊಮೊಹಿರೊ ಕೇಳಿದ್ದ. ಬೆನ್ನಿನ ಕಾಗದಕ್ಕೆ ಹುಳು ಬಿದ್ದಿದೆ. ಇವತ್ತು ಅದನ್ನು ನೆನೆಸಿ ಬಿಡಿಸಬೇಕು. ಕೊಯ್ಯುವುದು ಆಮೇಲೆ.

ಯಾಸುಯೊ ನೀರು ಸಿಂಪಡಿಸುತ್ತಾರೆ. ಬಿಳಿ ಬಟ್ಟೆಯ ತುಂಡನ್ನು ಮೊದಲ ಹಣ್ಣಿನ ಮೇಲಿಟ್ಟು ಒತ್ತುತ್ತಾರೆ. ಬಲಗೈ ನಡುಗುತ್ತದೆ, ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡಿದ್ದಾರೆ. ಬಣ್ಣ ಹರಿದರೆ ಮತ್ತೆ ಕೂಡಿಸಲಾಗದು. ಎತ್ತುತ್ತಾರೆ. ಬಿಳಿ. ಎರಡನೆಯದೂ ಬಿಳಿ. ಮೂರನೆಯ ಹಣ್ಣಿನ ಬಟ್ಟೆಯಲ್ಲಿ ಉಗುರಿನಷ್ಟು ಗುಲಾಬಿ ಕಲೆ.

ಆ ಹಣ್ಣಿನ ಕೆಂಪು ಬಿಡುತ್ತಿದೆ.

ಬಣ್ಣ ಕಚ್ಚಿ ನಿಲ್ಲಲೆಂದು ಅವರು ತೆಳ್ಳನೆಯ ಅಂಟುನೀರನ್ನು ಅದರ ಮೇಲೆ ಸವರಿ, ಕುಂಚ ಕೆಳಗಿಡುತ್ತಾರೆ. "ಇನ್ನರ್ಧ ಗಂಟೆ ಕಾಯ್ಬೇಕು. ಎದೆ ನೋಡು, ಹೊಸ ಸೊಸೆ ಥರ ಹೊಡ್ಕೊಳ್ತಿದೆ. ಐವತ್ತೊಂದು ವರ್ಷ ಆಯ್ತು. ಹೋಗೋ ಭಯ ಆಗಿದ್ರೆ ಯಾವತ್ತೋ ಹೋಗ್ತಿತ್ತು."

ಪಕ್ಕದ ಕಡಲೂರು ಹಿಮಿಯ ಮೀನುಗಾರರ ಮನೆಯಿಂದ ಇಪ್ಪತ್ತೆರಡಕ್ಕೆ ಇಲ್ಲಿಗೆ ಸೊಸೆಯಾಗಿ ಬಂದವರು. ಮಾವ ಮೂರು ವರ್ಷ ಬರೀ ಅಂಟು ಕಲಕಿಸಿದರಂತೆ. ಆಗ ವರ್ಷಕ್ಕೆ ನಲವತ್ತು ಸುರುಳಿ. ಕಳೆದ ವರ್ಷ ಒಂಬತ್ತು. ಗಂಡ ಹೋಗಿ ಹತ್ತೊಂಬತ್ತು ವರ್ಷ. "ಮಾರನೇ ದಿನವೇ ಅಂಟು ಕುದಿಸ್ದೆ. ಧೈರ್ಯ ಅಂತಾರೆ ಜನ. ಏನಿಲ್ಲ, ನೆನೆಸಿಟ್ಟಿದ್ದು ಹುಳಿ ಬರ್ತಿತ್ತು."

ಖಾನೆಯಿಂದ ಒಂದು ಗೇಣಗಲದ ಖಾಲಿ ರೇಷ್ಮೆ ಪಟ್ಟಿ ತೆಗೆದು ತೋರಿಸುತ್ತಾರೆ. ಮೂವತ್ತೊಂದು ವರ್ಷದ ಹಿಂದಿನದು. ಒಬ್ಬರು ಕೊಕ್ಕರೆಯ ಚಿತ್ರ ತಂದು, ಆರು ಚಾಪೆಯ ಕೋಣೆಗೆ ಹೊಂದಿಸಿ ಅಂದರಂತೆ.

"ಹಳೇ ಮನೆ ಚಾಪೆ ದೊಡ್ಡದು, ಗೋಡೆ ಎತ್ತರ. ಫ್ಲ್ಯಾಟಿಂದು ಎರಡೂ ಸಣ್ಣ. ನಾನು ಫ್ಲ್ಯಾಟು ಅಂದ್ಕೊಂಡು ಕೊಯ್ದೆ. ಅವ್ರದು ಹಳೇ ಮನೆ. ಕೊಕ್ಕರೆ ತಲೆ ಮೇಲಿನ ಬಟ್ಟೆಗೆ ತಾಗ್ತಿತ್ತು. ಅವ್ರು ತಲೆಬಾಗಿಸಿ ತಗೊಂಡೋದ್ರು. ಬೈದಿದ್ರೆ ನಿದ್ದೆ ಬರ್ತಿತ್ತು. ನೋಡೋಕೆ ಬರೀ ಬಟ್ಟೆ ಇದು. ಆ ಹಕ್ಕಿ ಹಾರೋ ಜಾಗ ಕಣಮ್ಮ."

ಅಂದಿನಿಂದ ಬಾಯಿಮಾತಿನ ಅಳತೆಗೆ ಅವರು ಕತ್ತಿ ಎತ್ತಿಲ್ಲ. ಚಿತ್ರದಷ್ಟೇ ಉದ್ದದ ಖಾಲಿ ಕಾಗದ ಕೊಡುತ್ತಾರೆ. ಕೊಯ್ಯಬೇಕಾದಷ್ಟನ್ನು ಮೇಲೆ ಮಡಚಿ ಎರಡು ಮರದ ಕ್ಲಿಪ್ಪು ಹಾಕಿರುತ್ತಾರೆ. ಕವೆಗೋಲಿನಿಂದ ತೂಗುಹಾಕಿ ಏಳು ದಿನ ಅದರ ಜೊತೆ ಬದುಕಬೇಕು. "ಬಾಗಿಲು ತೆಗೆದ ಕೂಡ್ಲೇ ಕಣ್ಣಿಗೆ ಹೊಡೆದ್ರೆ ದೊಡ್ಡದು. ಹುಡುಕೋ ಹಾಗಿದ್ರೆ ಸಣ್ಣದು. ಕೂತು, ಟೀ ಕುಡಿದು, ಆಮೇಲೆ ತಾನಾಗೇ ಕಣ್ಣು ಹೋದ್ರೆ ಅದೇ ಅಳತೆ."

ತೋಫು ಮಾರುವ ಒಗುರಾ ಬಾಗಿಲಲ್ಲಿ ಇಣುಕುತ್ತಾರೆ. "ಏನ್ ಯಾಸುಯೊಮ್ಮ, ಗೋಡೆಗೆ ಅಂಗಿ ಹೊಲಿದಾಯ್ತಾ?"

"ನಿನ್ನ ಹೊಟ್ಟೆಗೆ ಹೊಲಿಯೋದಕ್ಕಿಂತ ಗೋಡೆ ವಾಸಿ ಕಣೋ. ಅದು ದಿನಾ ಬೆಳೆಯಲ್ಲ."

ಅವರು ನಗುತ್ತ ಒಳಬಂದು, ನನ್ನನ್ನು ಕಂಡು ನಿಲ್ಲುತ್ತಾರೆ. ಒಂದು ತುಂಡು ತೋಫು ಹೆಚ್ಚಿಗೆ ಇಟ್ಟು ಹೋಗುತ್ತಾರೆ.

ಅರ್ಧ ಗಂಟೆಯಾಗುತ್ತದೆ. ಮತ್ತೆ ನೀರು, ಮತ್ತೆ ಬಟ್ಟೆ. ಈ ಸಲ ಬಿಳಿ. ಯಾಸುಯೊ ಚಿತ್ರವನ್ನು ಮಗುಚಿ, ನೆನೆದ ಹಳೆಯ ಕಾಗದವನ್ನು ಬೆನ್ನಿನಿಂದ ಬಿಡಿಸುತ್ತಾರೆ. ಆಮೇಲೆ ಎದ್ದು ಕತ್ತಿ ತಂದಿಡುತ್ತಾರೆ.

"ಹೇಳಮ್ಮ. ಆಕಾಶ ಕೊಯ್ಯಲಾ?"

ಇದಕ್ಕೇ ನಾನು ದಾರಿಯುದ್ದಕ್ಕೂ ಹೆದರಿದ್ದೆ. "ಗೊತ್ತಿಲ್ಲ. ಆರು ದಿನವೇ ಆಗಿದ್ದು. ತೊಮೊಹಿರೊ ಏನೂ ಹೇಳಲಿಲ್ಲ."

ಅವರು ನಾನು ತಂದ ಕಾಗದ ಬಿಚ್ಚಿ ನೋಡುತ್ತಾರೆ. "ಕ್ಲಿಪ್ಪು ಎಲ್ಲಿ?"

"ಗಡಿಯಾರದ ಪಕ್ಕ ಇದ್ದವು." ಜೇಬಿನಿಂದ ತೆಗೆದುಕೊಡುತ್ತೇನೆ.

"ನೀನು ತೆಗೆದ್ಯಾ?"

"ಇಲ್ಲ."

"ಮಡಿಕೆ ಬಿಚ್ಚಿದ್ರೆ ಕೆಳಗೆ ಕಪಾಟು ಅಡ್ಡ ಬರ್ಬೇಕಲ್ಲ?"

ಕಪಾಟು. ಆರನೆಯ ಸಂಜೆ ಅವನು ಅದನ್ನು ಅಡುಗೆಮನೆಗೆ ಸಾಗಿಸಿದ್ದ. ಕತ್ತಲಲ್ಲಿ ನನ್ನ ಮೊಣಕಾಲಿಗೆ ಬಡಿಯಿತು. ಬೈದೆ. ಯಾಕೆ ಸರಿಸಿದೆ ಎಂದು ಕೇಳಲಿಲ್ಲ. ಮರುದಿನ ಕಾರ್ಖಾನೆಯ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಇದನ್ನು ಯಾಸುಯೊಗೆ ಹೇಳುತ್ತೇನೆ.

ಕತ್ತಿ ಪೆಟ್ಟಿಗೆಗೆ ಹೋಗುತ್ತದೆ.

"ಕಪಾಟು ಸರಿಸಿ ಉತ್ತರ ಕೊಟ್ಟೇ ಹೋಗಿದ್ದಾನಲ್ಲಮ್ಮ."

ಪತ್ರಿಕೆಗೆಂದು ಅವರದೊಂದು ಫೋಟೊ ಕೇಳುತ್ತೇನೆ. "ಬೇಡ. ಕೈ ನಡುಗೋದು ಕಾಣತ್ತೆ. ಇಷ್ಟು ಬರಿ: ಈ ಆಕಾಶ ನನ್ನ ಕೈಗೆ ಬಂದಷ್ಟೇ ವಾಪಸ್ ಹೋಗತ್ತೆ."

ನಾನು ಕವೆಗೋಲನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಒಪ್ಪಿಸುತ್ತೇನೆ. ಅವರು ಅದನ್ನು ಅದರ ಮೊಳೆಗೆ ತಗುಲಿಸುತ್ತಾರೆ.