ಒಂದೇ ಎಡೆ

ಆ ದಿನ ಸಂಜೆ ನಮ್ಮನೆಯವರು ಮಿಲ್ಲಿನಿಂದ ಬಂದಾಗ ನಾನು ಮೆಷಿನ್ ಮುಂದೆ ಕೂತು ಎದುರುಮನೆ ವೈನಿಯ ಜಂಪರಿಗೆ ಕೊಕ್ಕೆ ಹಚ್ಚುತ್ತಿದ್ದೆ. ವೈನಿ ಹೊಸ್ತಿಲಲ್ಲಿ ಕೂತು ಕಾಯುತ್ತಿದ್ದರು. ಸುಗ್ಗಿಯ ಕಾಲ, ಸಿಂಧನೂರಿನ ಅಕ್ಕಿ ಮಿಲ್ಲುಗಳಿಗೆ ಬಿಡುವಿರಲಿಲ್ಲ. ನಮ್ಮವರು ಅಲ್ಲಿ ಫಿಟ್ಟರ್ ಆಗಿದ್ದರು. ತಲೆ, ಹುಬ್ಬು, ಮೀಸೆ ಎಲ್ಲಾ ಹೊಟ್ಟಿನ ಧೂಳಿನಿಂದ ಬೆಳ್ಳಗಾಗಿದ್ದವು.

ಗೇಟಿನ ಹತ್ತಿರ ನಮ್ಮ ಎರಡು ನಾಯಿಗಳು ಕುಣಿಯುತ್ತಿದ್ದವು. ಅವರು ಎರಡನ್ನೂ ಮುಟ್ಟಲಿಲ್ಲ. ಬೆನ್ನು ತಿರುಗಿಸಿ ನಿಂತು ಚಪ್ಪಲಿ ಬಿಟ್ಟರು, ಟಿಫಿನ್ ಡಬ್ಬಿಯನ್ನು ಮೊಳೆಗೆ ಹಾಕಿದರು, ನಳದ ಕೆಳಗೆ ಕಾಲು ತೊಳೆದುಕೊಂಡರು.

"ಹೆಂಡ್ತಿ ಕಡಿನೂ ನೋಡೂದಿಲ್ಲ, ನಾಯಿ ಕಡಿನೂ ನೋಡೂದಿಲ್ಲ. ಈ ಮನಷ್ಯಾ ಯಾರ ಸಲುವಾಗಿ ಮನಿಗೆ ಬರ್ತಾನಂತೀನಿ!" ಅಂದರು ವೈನಿ, ಅವರಿಗೆ ಕೇಳುವ ಹಾಗೆ.

"ಮೊದ್ಲ ಯಾರನ್ನ ಮಾತಾಡಿಸಿದ್ರೂ ಉಳದವ್ರಿಗೆ ಸಿಟ್ಟ ಬರ್ತೈತ್ರಿ ವೈನಿ. ಮೂರು ಮಂದೀನ್ನ ಸಂಭಾಳಸಬೇಕು ನಾ," ಅಂದರು ಅವರು.

ವೈನಿ ನಕ್ಕರು. ನಾನೂ ನಕ್ಕೆ. ನಾಯಿಗಳು ಕುಣಿಯುವುದು ನಿಲ್ಲಿಸಿದ ಮೇಲೆ ಅವರು ಮೊದಲು ದೊಡ್ಡವನ ತಲೆ ಸವರಿದರು, ಆಮೇಲೆ ಸಣ್ಣವನದು. ನಾಯಿಗಳಿಗೆ ನಮ್ಮ ಮನೆಯಲ್ಲಿ ಅವೇ ಹೆಸರು. ದೊಡ್ಡವ ಕಪ್ಪು ಬಣ್ಣದವನು, ಮಿಲ್ಲಿನ ಅಂಗಳದಲ್ಲಿ ಹುಟ್ಟಿದವನು. ಸಣ್ಣವನನ್ನು ಅವರು ಒಮ್ಮೆ ಲಿಂಗಸುಗೂರಿಗೆ ಯಾವುದೋ ಮೆಷಿನ್ ರಿಪೇರಿಗೆ ಹೋದಾಗ ಅಂಗಿಯೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದರು. ಕಂಡಕ್ಟರ್ ಬಂದು, "ಅದೇನ್ರೀ ಅಂಗಿಯೊಳಗ ಕುಂಯ್ ಕುಂಯ್ ಅನ್ನಾಕತ್ತೈತಿ?" ಅಂದನಂತೆ. "ಹೊಟ್ಟಿ ರೀ, ಹಸದೈತಿ," ಅಂದರಂತೆ ಇವರು. ಆ ಮಾತನ್ನು ಅವರು ಎಷ್ಟು ಸಲ ಹೇಳಿದರೂ ನಾನು ನಗುತ್ತಿದ್ದೆ.

ಆ ರಾತ್ರಿಯ ಊಟವೂ ಎಂದಿನಂತೆಯೇ ಆಯಿತು. ದೊಡ್ಡವನ ತಟ್ಟೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಸಣ್ಣವನದು ಮುಂಬಾಗಿಲ ಕಟ್ಟೆಯ ಮೇಲೆ. ಎರಡೂ ಬಾಗಿಲು ಮುಚ್ಚಿ, ನಡುವಿನ ಕೋಣೆಯಲ್ಲಿ ಮಣೆ ಹಾಕಿಕೊಂಡು ಅವರು ಸುಮ್ಮನೆ ಕೂಡುತ್ತಿದ್ದರು. ಎರಡೂ ಕಡೆ ತಟ್ಟೆ ನೆಕ್ಕುವ ಸದ್ದು ನಿಂತ ಮೇಲೆ ಎದ್ದು, ತಟ್ಟೆಗಳನ್ನು ತೊಳೆದು ಗೋಡೆಯ ಮಾಡದಲ್ಲಿ ಇಟ್ಟು, ಆಮೇಲೆ ಬಾಗಿಲು ತೆಗೆಯುವುದು. ಅನಂತರವೇ ಅವರ ಊಟ. ರೊಟ್ಟಿ ಮುರಿಯುತ್ತ, ಮಿಲ್ಲಿನಲ್ಲಿ ಒಂದು ಬೆಲ್ಟ್ ಸವೆದಿದೆ, ನಾಳೆ ಬದಲಿಸಬೇಕು ಅಂದರು.

ಮರುದಿನ ಆ ಬೆಲ್ಟ್ ಬದಲಿಸುತ್ತಿರುವಾಗ ಎದೆ ಹಿಡಿದುಕೊಂಡು ಕೂತರಂತೆ. ಜೊತೆಯವರು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಾರೆ. ಅಲ್ಲಿಗೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲು ಹಾಕಲು ಹೋದೆವು. ಪಾಮನಕಲ್ಲೂರಿನಿಂದ ಅವರ ಅಕ್ಕ ಬಂದಿದ್ದರು, ಮಸ್ಕಿಯಿಂದ ನನ್ನ ಅಣ್ಣ. ಮಿಲ್ಲಿನ ಗೆಳೆಯರು ಇದ್ದರು. ನಮ್ಮವರಿಗೆ ಇಷ್ಟವಾದದ್ದನ್ನೆಲ್ಲ ಅಕ್ಕ ತಾವೇ ಮಾಡಿದ್ದರು: ಹೋಳಿಗೆ, ತುಪ್ಪ, ಮಿರ್ಚಿ, ಮಂಡಾಳ ಒಗ್ಗರಣೆ, ಮೊಸರನ್ನ. ಎಲ್ಲವನ್ನೂ ಒಂದು ಎಲೆಯ ಮೇಲೆ ಎಡೆ ಮಾಡಿ, ಸ್ವಲ್ಪ ದೂರ ಸರಿದು ಕಾಗೆಗಾಗಿ ಕಾದೆವು.

ಕಾಗೆಗಳು ಬೇಲಿಯ ಜಾಲಿ ಗಿಡದಲ್ಲಿ ಕೂತಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲು ಏರಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಅಕ್ಕ ಸಮಾಧಿಯ ಮುಂದೆ ಕೈಮುಗಿದು ತಮ್ಮನೊಂದಿಗೆ ಮಾತನಾಡಿದರು. "ಏನ್ ಉಳದೈತೋ ತಮ್ಮಾ ನಿನ್ನ ಮನಸ್ಸಿನ್ಯಾಗ? ನಿನ್ನ ಹೆಂಡ್ತೀನ್ನ ನಾವು ನೋಡ್ಕೋತೀವಿ. ಮುಟ್ಟೋ ನಮ್ಮಪ್ಪಾ." ಕಾಗೆಗಳು ಕೂತಲ್ಲೇ ಕೂತವು.

ಆಗ ಅಕ್ಕ ಒಮ್ಮೆಲೇ ನನ್ನ ಕಡೆ ತಿರುಗಿದರು. "ತಂಗಿ, ಇಂವ ತಾ ಉಣ್ಣೂಕಿಂತ ಮೊದ್ಲ ನಾಯಿಗೆ ಹಾಕ್ತಿದ್ದ ಹೌದಿಲ್ಲೋ? ಅವು ಎಲ್ಲದಾವ? ಅವು ತಿಂದ್ರ ಇಂವ ತಿಂದಂಗ."

ಎಲ್ಲರಿಗೂ ಆ ಮಾತು ಸರಿ ಅನ್ನಿಸಿತು. ಯಾರೋ ಬೈಕಿನಲ್ಲಿ ಮನೆಗೆ ಹೋಗಿ ಅವಕ್ಕೆ ಹಗ್ಗ ಕಟ್ಟಿದರು. ಮಿಲ್ಲಿನ ಗೆಳೆಯರೊಬ್ಬರ ಆಟೋದಲ್ಲಿ ಎರಡೂ ನಾಯಿಗಳು ಬಂದು ಇಳಿದವು. ದೊಡ್ಡವ ನನ್ನ ಕಾಲ ಹತ್ತಿರ ಬಂದು ನಿಂತ. ಸಣ್ಣವ ಹೊಸ ಮಣ್ಣು ಮೂಸಿದ.

"ಅಕ್ಕಾ, ಅವ್ರು ಬ್ಯಾರೆ ಬ್ಯಾರೆ ಹಾಕ್ತಿದ್ರು. ಎರಡು ಎಲಿ ಮಾಡ್ರಿ, ಒಂದು ಆ ಕಡಿ, ಒಂದು ಈ ಕಡಿ," ಅಂದೆ.

ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ತಲೆ ಅಲ್ಲಾಡಿಸಿದರು. "ಹುಚ್ಚಿ. ಸತ್ತಾಂವ ಒಬ್ಬನ. ಒಬ್ಬಗ ಎರಡು ಎಡಿ ಇಡ್ತಾರೇನು? ಇನ್ನೊಂದು ಎಡಿ ಯಾರ ಹೆಸರೀಲೆ ಇಡ್ಲಿ, ಹೇಳು?"

ಎರಡನೆಯ ಎಡೆ ಅಂದರೆ ಮನೆಯಲ್ಲಿ ಇನ್ನೊಂದು ಸಾವನ್ನು ಕರೆದ ಹಾಗೆ. ಹಿಡಿದವರು ನಾಯಿಗಳ ಹಗ್ಗ ಬಿಟ್ಟರು.

ಎರಡೂ ನಾಯಿಗಳು ಎಲೆಯ ಎದುರು ಬದುರು ನಿಂತವು. ಕ್ಷಣ ಹೊತ್ತು ಯಾವುದೂ ಬಾಯಿ ಹಾಕಲಿಲ್ಲ. ದೊಡ್ಡವನ ಮೈ ಕಟ್ಟಿಗೆಯಂತೆ ಬಿಗಿಯಿತು. ಸಣ್ಣವ ಹೋಳಿಗೆಗೆ ಮೂತಿ ಚಾಚಿದ. ಆಮೇಲೆ ನನಗೆ ಕಂಡದ್ದು ಮಣ್ಣು, ಹಲ್ಲು, ಕಪ್ಪು ಕಂದು ಕೂದಲು ಮಾತ್ರ. ಸಮಾಧಿಯ ಮೇಲಿನ ಹೂವು ಚೆಲ್ಲಾಪಿಲ್ಲಿಯಾಯಿತು. "ಬಿಡಸ್ರೋ, ಬಿಡಸ್ರೋ" ಎಂದು ಎಲ್ಲರೂ ಕೂಗಿದಷ್ಟೂ ಅವು ಹೆಚ್ಚು ಹೆಚ್ಚು ಕಚ್ಚಿದವು. ಅಣ್ಣ ತುಂಬಿದ ಕೊಡವನ್ನು ಅವುಗಳ ಮೇಲೆ ಬರಿದು ಮಾಡಿದ ಮೇಲೆ ಬಿಟ್ಟವು. ದೊಡ್ಡವನ ಕಿವಿ ಹರಿದಿತ್ತು. ಸಣ್ಣವ ಮುಂಗಾಲನ್ನು ಎತ್ತಿ ಹಿಡಿದು ನಡುಗುತ್ತಿದ್ದ.

ಅಕ್ಕ ಕೆಸರಿನಲ್ಲಿ ಕೂತು ಎದೆ ಬಡಿದುಕೊಂಡು ಅತ್ತರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ತಮ್ಮ ಹಸಿದು ಹೋಗಬಾರದು ಎಂಬುದು ಅವರ ಚಿಂತೆಯಾಗಿತ್ತು.

ಎಲ್ಲರೂ ಊರಿಗೆ ಹೋದ ಮೇಲೆ ನಾನು ಉಳಿದೆ, ನಡುವೆ ಬಾಗಿಲು ಹಾಕಿದ ಎರಡು ನಾಯಿಗಳು ಉಳಿದವು. ನಮಗೆ ಮಕ್ಕಳಿಲ್ಲ. ಅವರು ನಡೆಸಿಕೊಂಡು ಬಂದದ್ದರಲ್ಲಿ ನನ್ನ ಕೈಗೆ ಬಂದದ್ದು ಅವೆರಡೇ. ಇಬ್ಬರನ್ನೂ ಇದೇ ಮನೆಯಲ್ಲಿ ಇಟ್ಟುಕೊಳ್ಳಬೇಕು, ಅಷ್ಟಾದರೆ ಸಾಕು ಅಂದುಕೊಂಡೆ.

ಬಾಗಿಲ ಕೆಳಗಿನ ಸಂದಿಯಲ್ಲಿ ಸಣ್ಣವ ಮೂತಿ ಇಡುತ್ತಿದ್ದ. ಆ ಕಡೆಯಿಂದ ದೊಡ್ಡವ ಗುರ್ ಅನ್ನುತ್ತಿದ್ದ. ಸಂದಿಗೆ ಗೋಣಿಚೀಲ ತುರುಕಿದೆ. ಒಬ್ಬನನ್ನು ಹೊರಗೆ ಬಿಟ್ಟರೆ ಇನ್ನೊಬ್ಬನನ್ನು ಒಳಗೆ ಹಾಕುವುದು. ಹೊಲಿಗೆ ಬಿಟ್ಟು ದಿನಕ್ಕೆ ಎಷ್ಟು ಸಲ ಏಳುತ್ತಿದ್ದೆನೋ. ಜಂಪರ್ ಒಯ್ಯಲು ಬಂದವರು ಬಾಗಿಲು ತೆಗೆದಾರು ಎಂಬ ಹೆದರಿಕೆಯಿಂದ ಹೊಲಿದದ್ದನ್ನು ಗೇಟಿಗೇ ಒಯ್ದು ಕೊಡತೊಡಗಿದೆ.

ದನದ ದವಾಖಾನೆಯ ಡಾಕ್ಟರಮ್ಮ ಗಾಯ ನೋಡಿ ಔಷಧ ಕೊಟ್ಟರು. "ತಿನ್ನೋದರ ಹತ್ರ, ಬಾಗಿಲ ಹತ್ರ ಇಬ್ಬರನ್ನೂ ಕೂಡಿಸಬ್ಯಾಡ್ರಿ. ದೂರ ಇಟ್ಟು ಒಂದ ದಿಕ್ಕಿಗೆ ನಡಸ್ಯಾಡ್ರಿ. ಒಬ್ಬರಿಗೊಬ್ಬರು ಕಾಣ್ಲಿ, ಮುಟ್ಟಬಾರದು. ದಿನಾ ಸ್ವಲ್ಪ ಸ್ವಲ್ಪ ಹತ್ರ ತರ್ರಿ," ಅಂದರು. ಹೊರಡುವಾಗ ಮೆಲ್ಲಗೆ, "ಒಮ್ಮೊಮ್ಮೆ ಏನು ಮಾಡಿದ್ರೂ ಕೂಡಂಗಿಲ್ಲಮ್ಮಾ," ಎಂದೂ ಹೇಳಿದರು.

ದೂರವೆಂದರೆ ನನಗೆ ಹೊಳೆದದ್ದು ಕಾಲುವೆ. ನಮ್ಮವರೂ ನಾಯಿಗಳನ್ನು ಅಲ್ಲಿಗೇ ಒಯ್ಯುತ್ತಿದ್ದರು. ದಾರಿಯಲ್ಲಿ ಕೋಳಿ ಅಂಗಡಿಯ ಮುಂದೆ ಬೀದಿನಾಯಿಗಳ ಹಿಂಡು ಇರುತ್ತದೆ. ಅದು ಕಾಣುವ ಮೊದಲೇ ಅವರು ರಸ್ತೆ ದಾಟಿ ಆಚೆ ಬದಿಯಿಂದ ಬಳಸಿಕೊಂಡು ಹೋಗುತ್ತಿದ್ದರು. ಒಮ್ಮೆ ನಾನು ಜೊತೆಗೆ ಹೋದವಳು ಹೆದರಿ ಹಗ್ಗ ಜಗ್ಗಿ ಹಿಡಿದಿದ್ದೆ. "ಸಡ್ಲ ಬಿಡಲೇ. ನೀ ಬಿಗಿ ಹಿಡದ್ರ ಮುಂದ ಏನೋ ಐತಿ ಅಂತ ಅದಕ್ಕ ನೀನ ಹೇಳಿದಂಗ ಆಗ್ತೈತಿ," ಅಂದಿದ್ದರು.

ಆಟೋದ ಗೆಳೆಯರು ಸಂಜೆ ಹೊತ್ತು ಬರಲು ಒಪ್ಪಿದರು. ಕಾಲುವೆಯ ಆಚೆ ದಂಡೆಯ ಮೇಲೆ ಅವರು ಸಣ್ಣವನೊಂದಿಗೆ, ಈಚೆ ದಂಡೆಯ ಮೇಲೆ ನಾನು ದೊಡ್ಡವನೊಂದಿಗೆ. ನಡುವೆ ತುಂಬಿ ಹರಿಯುವ ನೀರು. ಮೊದಮೊದಲು ಇಬ್ಬರೂ ನಿಂತು ನಿಂತು ದಿಟ್ಟಿಸುತ್ತಿದ್ದರು. ಬರಬರುತ್ತ ನೆಲ ಮೂಸುತ್ತ ನಡೆಯತೊಡಗಿದರು. ಒಂದು ಸಂಜೆ ಸಣ್ಣವ ಆಚೆಯಿಂದ ಬಾಲ ಅಲ್ಲಾಡಿಸಿದ. ದೊಡ್ಡವ ನೋಡಿ ಸುಮ್ಮನೆ ಮುಂದೆ ನಡೆದ.

"ಏನ್ರೀ ವೈನಿ, ಬೀಗರ ಸಿಟ್ಟು ಇಳಿಯಾಕತ್ತೈತಿ!" ಎಂದು ಗೆಳೆಯರು ಆಚೆಯಿಂದ ನನಗೆ ಕೂಗಿ ಹೇಳಿದರು. ನಮ್ಮವರು ತೀರಿಕೊಂಡ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಬೆಳೆ ಮುಗಿದ ಮೇಲೆ ಕಾಲುವೆಗೆ ನೀರು ನಿಲ್ಲಿಸುತ್ತಾರೆ. ಪ್ರತಿ ವರ್ಷ ನಿಲ್ಲಿಸುವುದೇ. ಗದ್ದೆ ಇದ್ದವರಿಗೆ ಅದು ಮೊದಲೇ ಗೊತ್ತಿರುತ್ತದೆ. ನಮಗೆ ಗದ್ದೆ ಇಲ್ಲ. ಆ ಸಂಜೆ ದಂಡೆ ಹತ್ತಿದಾಗ ಕೆಳಗೆ ಬರೀ ಕೆಸರು, ಅಲ್ಲಲ್ಲಿ ಗುಂಡಿಯಲ್ಲಿ ನಿಂತ ನೀರು. ಇವತ್ತು ಬೇಡ ಎಂದು ಆಚೆ ದಂಡೆಗೆ ಕೂಗಿ ಹೇಳುತ್ತಿದ್ದೆ. ಸಣ್ಣವ ನನ್ನ ದನಿ ಕೇಳಿ ಹಾರಿದ. ಗೆಳೆಯರ ಕೈಯಿಂದ ಹಗ್ಗ ಜಾರಿತು. ಕೆಸರು ದಾಟಿ, ಇಳಿಜಾರು ಹತ್ತಿ, ನನ್ನ ಕಡೆಗೇ ಓಡಿ ಬಂದ.

ಅವನು ಜಗಳಕ್ಕೆ ಬಂದನೋ, ನನ್ನ ಹತ್ತಿರ ಬಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಲ ಮೇಲಿತ್ತು, ಬಾಯಿ ತೆರೆದಿತ್ತು. ದೊಡ್ಡವ ಅದನ್ನೆಲ್ಲ ನೋಡುತ್ತ ಕೂಡಲಿಲ್ಲ. ನಾನು ಹಗ್ಗ ಬಿಗಿಯಾಗಿ ಹಿಡಿದಿದ್ದೆ, ಅದು ಕೈಗೆ ಸುತ್ತಿಕೊಂಡಿತ್ತು. ಇಬ್ಬರ ನಡುವೆ ನಾನೂ ಬಿದ್ದೆ. ಬಲಗೈಯ ಹೆಬ್ಬೆರಳಿನ ಬುಡಕ್ಕೆ ಹಲ್ಲು ನಟ್ಟಿತು. ಯಾರದು ಎಂದು ನೋಡಲಿಲ್ಲ.

ಮಸ್ಕಿಯಿಂದ ಅಣ್ಣ ಬಂದ. ಕಟ್ಟು ಹಾಕಿದ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿದ.

"ಈ ಕೈಲೇ ಹೊಲೀತಿ. ಈ ಕೈಲೇ ಉಣ್ತಿ. ಇದು ಹೋದ್ರ ಏನ್ ಮಾಡ್ತೀವ್ವಾ? ಒಬ್ಬನ್ನ ನಾ ಒಯ್ತೀನಿ."

"ಅಣ್ಣಾ, ನೀರು ಬಿಡೂತನಾ ನೋಡೂಣು. ಮತ್ತ ಆ ದಂಡಿ ಈ ದಂಡಿ..."

"ನೀರು ಬಿಡ್ತಾರ, ಮತ್ತ ಬಂದ್ ಮಾಡ್ತಾರ. ಕೈ?"

ಸಣ್ಣವನನ್ನು ಕಳಿಸಿದೆ. ದೊಡ್ಡವನಿಗೆ ವಯಸ್ಸಾಗಿದೆ, ಹೊಸ ಮನೆ ಅವನಿಗೆ ಆಗುವುದಿಲ್ಲ. ಅವನ ತಟ್ಟೆಯನ್ನೂ ಜೊತೆಗೇ ಕೊಟ್ಟೆ. ಗಾಡಿಯ ಹಿಂದೆ ಕೂತು ಅವನು ಗೇಟಿನ ಕಡೆಗೇ ನೋಡುತ್ತಿದ್ದ, ಸಂಜೆ ಅವರು ಬರುವ ಹೊತ್ತಿಗೆ ನೋಡುತ್ತಿದ್ದ ಹಾಗೆ.

ನಾನು ಆಗಾಗ ಮಸ್ಕಿಗೆ ಹೋಗುತ್ತೇನೆ. ಮೊದಲ ಸಲ ಹೋದಾಗ ಅವನು ಬೇವಿನ ಮರದ ಕೆಳಗಿನಿಂದ ಸರಪಳಿ ಎಳೆದುಕೊಂಡು ಓಡಿ ಬಂದ. ನನ್ನ ಸೀರೆಯ ಅಂಚು ಮೂಸಿದ್ದೇ ತಡ, ಬೆನ್ನ ಮೇಲಿನ ಕೂದಲೆಲ್ಲ ನಿಗುರಿದವು. ದೊಡ್ಡವನ ವಾಸನೆ ಬಂದಿರಬೇಕು. ತಿರುಗಿ ಸಿಂಧನೂರಿಗೆ ಬಂದಾಗ ದೊಡ್ಡವ ಅದೇ ಅಂಚನ್ನು ಮೂಸಿ ಎದ್ದು ಹಿತ್ತಲಿಗೆ ಹೋದ. ಈಗ ಹೋಗುವಾಗ ಒಗೆದ ಸೀರೆ ಉಟ್ಟು ನೇರ ಬಸ್ಸಿಗೆ ಹೋಗುತ್ತೇನೆ, ಬಂದ ಕೂಡಲೇ ಸ್ನಾನ ಮಾಡುತ್ತೇನೆ. ಅದರಿಂದ ಏನೂ ವ್ಯತ್ಯಾಸವಾಗಿಲ್ಲ.

ಕಾಲುವೆಗೆ ಮತ್ತೆ ನೀರು ಬಂದಿದೆ. ಕೈಯೂ ವಾಸಿಯಾಗಿದೆ, ಸೂಜಿ ಹಿಡಿಯಲು ಬರುತ್ತದೆ. ಇನ್ನೊಮ್ಮೆ ಪ್ರಯತ್ನ ಮಾಡೋಣವೇ ಎಂದು ಆಟೋದ ಗೆಳೆಯರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗಲೂ ಸಂಜೆ ತಟ್ಟೆ ಇಟ್ಟು, ಎರಡೂ ಬಾಗಿಲು ಮುಚ್ಚಿ, ನಡುವಿನ ಕೋಣೆಯಲ್ಲಿ ಅದೇ ಮಣೆಯ ಮೇಲೆ ಕೂಡುತ್ತೇನೆ. ಮುಚ್ಚುವ ಅಗತ್ಯವಿಲ್ಲ, ಆದರೂ ಮುಚ್ಚುತ್ತೇನೆ. ಹಿತ್ತಲ ಕಡೆಯಿಂದ ತಟ್ಟೆ ನೆಕ್ಕುವ ಸದ್ದು ಬರುತ್ತದೆ. ಮುಂಬಾಗಿಲ ಕಡೆಯಿಂದ ಬರುವುದಿಲ್ಲ.