ಸೀಲು ಒಡೆಯದ ವಿಮಾನಗಳು

ನನ್ನ ಮದುವೆಯ ಸೀರೆಗಳನ್ನು ಟ್ರಂಕಿನಿಂದ ಹೊರಗಟ್ಟಿದ್ದು ವಿಮಾನಗಳು. ಹಾರುವ ವಿಮಾನಗಳಲ್ಲ; ರಟ್ಟಿನ ಡಬ್ಬಿಯೊಳಗೆ ತುಂಡುತುಂಡಾಗಿ ಮಲಗಿರುವ, ಅಂಟು ಹಚ್ಚಿ ಜೋಡಿಸಬೇಕಾದ ಪ್ಲಾಸ್ಟಿಕ್ ಮಾಡೆಲ್‌ಗಳು. ನಮ್ಮ ಯಜಮಾನರು ವಾಡಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಾನು ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಮುಂಬೈ ಕಡೆಗೆ ಓಡಾಡುವ ಗಾರ್ಡೊಬ್ಬರು ಅಲ್ಲಿನ ಫುಟ್‌ಪಾತ್ ಅಂಗಡಿಗಳಿಂದ ಈ ವಿಲಾಯಿತಿ ಡಬ್ಬಿಗಳನ್ನು ತಂದುಕೊಡುತ್ತಿದ್ದರು. ಬೇರೆಯವರ ಗಂಡಂದಿರಿಗೆ ಇಸ್ಪೀಟು, ಸಿಗರೇಟು. ನನ್ನ ಪಾಲಿಗೆ ಬಂದವರಿಗೆ ಇದು.

ಇಂಥ ಇನ್ನೂ ಇಬ್ಬರು ಈ ಸೀಮೆಯಲ್ಲಿದ್ದರು ಅಂದರೆ ಈಗ ಯಾರೂ ನಂಬುವುದಿಲ್ಲ. ಒಬ್ಬರು ಶಹಾಬಾದಿನ ದರ್ಜಿ. ಪೇಟೆಯಲ್ಲಿ ಅಜ್ಜನ ಕಾಲದ ಅಂಗಡಿ, ಕೊರಳಲ್ಲಿ ಸದಾ ಅಳತೆಯ ಟೇಪು. ಎಲ್ಲರೂ ಮಾಸ್ಟರ್ ಅನ್ನುತ್ತಿದ್ದರು. ಇನ್ನೊಬ್ಬರು ಭಂಕೂರದ ಫರಸಿ ಕಲ್ಲಿನ ಗಣಿಯಲ್ಲಿ ಆಳುಗಳ ಮೇಲಿನ ಮುಕಾದಮರು. ಇಡೀ ದಿನ ಬಂಡೆ ಸೀಳಿಸುವ ಮನುಷ್ಯ ಬೆರಳುದ್ದದ ಪ್ರೊಪೆಲ್ಲರ್ ಕಂಡರೆ ಮೆತ್ತಗಾಗುತ್ತಿದ್ದರು. ಮೂವರಿಗೂ ಪರಿಚಯವಾದದ್ದು ಪಾರ್ಸಲ್ ಆಫೀಸಿನಲ್ಲಿ, ಒಂದೇ ಗಾರ್ಡನ ಹತ್ತಿರ ಒಂದೇ ಡಬ್ಬಿಗೆ ಕೈ ಚಾಚಿದಾಗ.

ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಭಾನುವಾರ ಬೆಳಿಗ್ಗೆ ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ ಇವರ ಸಭೆ. ಬೇಸಿಗೆಯಲ್ಲಿ ಡಬ್ಬಿ ಹೊರಗೆ ತೆಗೆಯುವಂತಿರಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಮನುಷ್ಯರೇ ಸೊಟ್ಟಗಾಗುತ್ತಾರೆ, ಪ್ಲಾಸ್ಟಿಕ್ ಎಷ್ಟರದು. ಇಬ್ಬರೂ ಬೆಳಗಿನ ಪ್ಯಾಸೆಂಜರಿನಲ್ಲಿ ಬಗಲಲ್ಲಿ ಗಂಟು ಹಿಡಿದುಕೊಂಡು ಇಳಿಯುತ್ತಿದ್ದರು. ಆ ತಿಂಗಳು ಹೊಸದಾಗಿ ಕೊಂಡದ್ದನ್ನು ಹೊರಸಿನ ಮೇಲೆ ಶಾಲು ಹಾಸಿ ಇಡುವುದು, ಎಲ್ಲರೂ ಕೈ ತೊಳೆದುಕೊಂಡು ಬರುವುದು. ಪೂಜೆಗೂ ನಮ್ಮ ಯಜಮಾನರು ಅಷ್ಟು ಚೆಂದ ಕೈ ತೊಳೆದವರಲ್ಲ. ಡಬ್ಬಿಯ ಮೇಲಿನ ಚಿತ್ರದಲ್ಲಿ ಸಮುದ್ರ ಕುದಿಯುತ್ತಿರುತ್ತಿತ್ತು, ಮೋಡ ಸಿಡಿಯುತ್ತಿರುತ್ತಿತ್ತು, ವಿಮಾನ ಬೆಂಕಿ ಉಗುಳುತ್ತಿತ್ತು. ಒಳಗೆ ನೋಡಿದರೆ ಬೇವಿನ ಕಡ್ಡಿಗೆ ಎಲೆ ಅಂಟಿದಂತೆ ಬೂದಿ ಬಣ್ಣದ ಚೂರುಗಳು, ಅವೂ ಸೀಲು ಮಾಡಿದ ಚೀಲದಲ್ಲಿ. ಮೂವರೂ ಬಗ್ಗಿ ನೋಡಿ, ಹ್ಞಾಂ ಅಂದು, ಮುಚ್ಚಳ ಮುಚ್ಚಿ ಚಹಾ ಕೇಳುತ್ತಿದ್ದರು. ಮುಕಾದಮರಂತೂ ಮುಚ್ಚಳವನ್ನೂ ಎತ್ತುತ್ತಿರಲಿಲ್ಲ. ಅವರ ಡಬ್ಬಿಗಳಿಗೆ ಸುತ್ತಿದ, ಒಳಗಿನದು ಕಾಣುವ ತೆಳು ಗಾಜುಕಾಗದ ಬಂದ ಹಾಗೇ ಇರಬೇಕು. ಬಿಚ್ಚಿದರೆ ಅದರ ಮಾನ ಹೋಯಿತು ಎಂದು ಅವರ ವಾದ.

ಮೊದಲ ಎರಡು ಚಳಿಗಾಲ ನಾನು ಸುಮ್ಮನೆ ಮೆಣಸಿನಕಾಯಿ ಭಜಿ ಕರಿದು ಕೊಟ್ಟೆ. ಮೂರನೆಯ ಚಳಿಗಾಲ, ಮಾಡಿ ಮುಗಿಸಿದ್ದು ಎಲ್ಲಿದೆ ತೋರಿಸಿರಿ ಎಂದು ಕೇಳಿದೆ. ಮೂವರೂ ಚಹಾದ ಬಸಿ ನೋಡತೊಡಗಿದರು. ಆಮೇಲೆ ಕಾರಣಗಳು ಹೊರಬಿದ್ದವು. ಚಳಿಯಲ್ಲಿ ಅಂಟು ಬೇಗ ಒಣಗುವುದಿಲ್ಲ. ಬೇಸಿಗೆಯಲ್ಲಿ ಹಚ್ಚುವ ಮೊದಲೇ ಒಣಗುತ್ತದೆ. ಮಳೆಗಾಲದಲ್ಲಿ ತೇವ. ಬಣ್ಣ ಹಚ್ಚೋಣವೆಂದರೆ ಸಿಮೆಂಟ್ ಫ್ಯಾಕ್ಟರಿಯ ಧೂಳು ಬಂದು ಕೂರುತ್ತದೆ. ಒಟ್ಟಿನಲ್ಲಿ ವಾಡಿಯ ಹವಾ ವಿಮಾನ ಕಟ್ಟಲು ತಕ್ಕುದಲ್ಲವೆಂದು ತೀರ್ಮಾನವಾಗಿ ಇನ್ನೊಂದು ತಾಟು ಭಜಿ ಖಾಲಿಯಾಯಿತು.

ರಾಜ್ಯಕ್ಕೆ ಕರ್ನಾಟಕವೆಂದು ಹೊಸ ಹೆಸರು ಬಂದ ಚಳಿಗಾಲದಲ್ಲಿ ಗಾರ್ಡ್ ಒಂದು ದೊಡ್ಡ ಡಬ್ಬಿ ತಂದುಕೊಟ್ಟರು. ನೀರಿನ ಮೇಲೂ ಇಳಿಯುವ ವಿಮಾನ. ಹೊಟ್ಟೆ ದೋಣಿಯ ಹಾಗೆ, ಮೇಲೆ ರೆಕ್ಕೆ. ಯಜಮಾನರು ಅದನ್ನು ಮೂರು ಭಾನುವಾರ ಸತತವಾಗಿ ತೋರಿಸಿದರು. ಟ್ರಂಕು ಅಷ್ಟರಲ್ಲಿ ತುಂಬಿದ್ದರಿಂದ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಇಲಾಖೆಯ ಯಾವುದೋ ತರಬೇತಿಗೆಂದು ಎರಡು ವಾರ ಗುಂತಕಲ್ಲಿಗೆ ಹೋದರು.

ಅವರು ಹೋದ ಮೂರನೆಯ ದಿನ ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಲು ಹತ್ತಿದರೆ ಡಬ್ಬಿಯ ಮೂಲೆಯಲ್ಲಿ ರೂಪಾಯಿ ಅಗಲದ ತೂತು. ಇಲಿ ಮುಚ್ಚಳ ಕಡಿದು, ಚೀಲ ಕಡಿದು, ಚಿತ್ರದ ಸಮುದ್ರದಲ್ಲಿ ಅರ್ಧ ತಿಂದು ಹೋಗಿತ್ತು. ಚೂರುಗಳು ಉಳಿದಿವೆಯೋ ಇಲ್ಲವೋ ಎಂದು ಎಲ್ಲವನ್ನೂ ಚಾಪೆಯ ಮೇಲೆ ಸುರಿದೆ. ಎಲ್ಲ ಇದ್ದವು. ಹೇಗೆ ಜೋಡಿಸಬೇಕೆಂದು ತೋರಿಸುವ ಚಿತ್ರದ ಹಾಳೆಯೂ ಇತ್ತು. ಸುಮ್ಮನೆ ಎರಡು ಚೂರು ಎತ್ತಿ ಕೂಡಿಸಿ ನೋಡಿದೆ. ಒಂದರ ಹಲ್ಲು ಇನ್ನೊಂದರ ತೂತಿನಲ್ಲಿ ಟಕ್ಕನೆ ಕೂತಿತು. ಆ ಸಣ್ಣ ಟಕ್ ಸದ್ದಿಗೆ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆ.

ಡಬ್ಬಿಯಲ್ಲಿದ್ದ ಅಂಟಿನ ಟ್ಯೂಬು ಕಲ್ಲಾಗಿತ್ತು. ನಮ್ಮ ಶಾಲೆಯಲ್ಲಿ ಹೈದರಾಬಾದಿನಿಂದ ಬಂದ ಟೀಚರೊಬ್ಬರಿದ್ದರು. ಇಡೀ ವಾಡಿಯಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಿದ್ದವರು ಅವರೊಬ್ಬರೇ. ಆ ಬಣ್ಣ ಅಳಿಸುವ ನೀರು ತಮ್ಮ ಪ್ಲಾಸ್ಟಿಕ್ ಬಾಚಣಿಗೆಯನ್ನು ಕರಗಿಸಿ ಮೇಜಿಗೆ ಅಂಟಿಸಿಬಿಟ್ಟಿತೆಂದು ಅವರು ಹಿಂದೆ ಅತ್ತುಕೊಂಡಿದ್ದು ನೆನಪಾಯಿತು. ಅರ್ಧ ಸೀಸೆ ಕೇಳಿ ತಂದೆ. ಶಾಲೆ ಬಿಟ್ಟ ಮೇಲೆ ದಿನಾ ಹೊತ್ತು ಮುಳುಗುವವರೆಗೆ ಅಂಗಳದಲ್ಲಿ ಕೂತು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಆ ನೀರು ಸವರಿ ಜೋಡಿಸಿದೆ. ಎಡಗಡೆಯ ರೆಕ್ಕೆ ಸ್ವಲ್ಪ ಮೇಲೆದ್ದಿತು. ಒಂದು ಕಿಟಕಿಯ ಗಾಜಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಶಾಶ್ವತವಾಗಿ ಕೂತಿತು. ತಿರುಗಬೇಕಾದ ಪ್ರೊಪೆಲ್ಲರ್ ತಿರುಗದಂತೆ ಅಂಟಿಹೋಯಿತು. ಶಾಲೆಯ ಬೋರ್ಡಿನಲ್ಲಿ ಮೈಸೂರು ಅಳಿಸಿ ಕರ್ನಾಟಕ ಬರೆಸಿದಾಗ ಉಳಿದಿದ್ದ ನೀಲಿ ಬಣ್ಣ ತಂದು ಹಚ್ಚಿದೆ. ಸರ್ಕಾರಿ ನೀಲಿ. ದೂರದಿಂದ ನೋಡಿದರೆ ವಿಮಾನ ಯಾವುದೋ ಇಲಾಖೆಯದಿರಬೇಕು ಅನ್ನಿಸುತ್ತಿತ್ತು.

ಯಜಮಾನರು ವಾಪಸಾದದ್ದು ಭಾನುವಾರ ಬೆಳಿಗ್ಗೆ. ಅವರ ಹಿಂದೆಯೇ ಮಾಸ್ಟರ್, ಮುಕಾದಮರು ಬಂದರು. ನಾನು ವಿಮಾನವನ್ನು ಅಂಗಳದ ನಡುವೆ ಸ್ಟೂಲಿನ ಮೇಲಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮೂವರೂ ಹೊಸ್ತಿಲಲ್ಲಿ ಹಾವು ಕಂಡವರಂತೆ ನಿಂತರು.

"ಸೀಲ್ ಒಡದೀಯೇನು?" ಅಂದರು ಯಜಮಾನರು.

"ಇಲಿ ಒಡದದರಿ. ನಾ ಬರೇ ಮುಂದ ನಡಸೀನಿ."

ಮುಕಾದಮರು ಸಾವಿನ ಮನೆಗೆ ಬಂದವರಂತೆ ತಲೆ ಆಡಿಸಿದರು. ಡಬ್ಬಿ ಸಮೇತ ಇದ್ದಿದ್ದರೆ ಇದಕ್ಕೆ ಸಮನಾದದ್ದು ಇನ್ನೊಂದಿರುತ್ತಿರಲಿಲ್ಲ, ಈಗ ಇದು ಬರೀ ಆಟದ ಸಾಮಾನಾಯಿತು ಎಂದು ಹಿಂದಿನಿಂದ ಸಮಾಧಾನ ಹೇಳಿದರು. ಮಾಸ್ಟರ್ ಮಾತ್ರ ಕಿಸೆಯಿಂದ ಚಷ್ಮಾ ತೆಗೆದು, ಸ್ಟೂಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ವಿಮಾನದ ಬೆನ್ನಿನ ಮೇಲೆ ಹೆಬ್ಬೆರಳು ಎಳೆದರು.

"ಅಕ್ಕೋರೆ, ಹೊಲಿಗಿ ಭಾಳ ಚೊಲೊ ಕುಂತದ. ಎಡಗಡಿ ತೋಳು ಮಾತ್ರ ಜರಾ ಮ್ಯಾಲೆದ್ದದ," ಅಂದರು.

ಅಷ್ಟು ವರ್ಷಗಳಲ್ಲಿ ಆ ಅಂಗಳದಲ್ಲಿ ಮಾಡೆಲ್ ಕಟ್ಟುವ ಬಗ್ಗೆ ಯಾರಾದರೂ ಆಡಿದ ಮೊದಲ ಮಾತು ಅದು.

ಯಜಮಾನರು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಬಡಿಸಿದ್ದು ಉಣ್ಣುತ್ತಿದ್ದರು, ಗೋಡೆ ನೋಡುತ್ತಿದ್ದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ತಪ್ಪು ಮಾಡಿದೆನೇನೋ ಅನ್ನಿಸಿತು, ಮತ್ತೆ ಸಿಟ್ಟೇ ಬಂತು. ಐದನೆಯ ದಿನ ಬೆಳಿಗ್ಗೆ ಬಚ್ಚಲೊಲೆಯ ಮುಂದೆ ಕೂತು ನೀರು ಕಾಯಿಸುತ್ತಿದ್ದವರು, ನನ್ನ ಕಡೆ ತಿರುಗದೆಯೇ ಬಾಯಿಬಿಟ್ಟರು.

"ನಾ ಕಟ್ಟಿದ್ರ ಡಬ್ಬಿ ಮ್ಯಾಲಿನ ಚಿತ್ರದಂಗ ಆಗಂಗಿಲ್ಲ. ನನ್ನ ಕೈ ನನಗ ಗೊತ್ತಿಲ್ಲೇನು? ಮುಚ್ಚಿಟ್ರ ಚಂದ ಇರ್ತಾವ."

ಅವರ ಕೈ ನನಗೂ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರು ಹೊಡೆದ ಗೂಟ ಅರ್ಧ ಗೋಡೆಯ ಸಮೇತ ಕಿತ್ತು ಬಂದಿತ್ತು. ಆದರೂ ಆ ಹೊತ್ತು ನಗಲು ಮನಸ್ಸಾಗಲಿಲ್ಲ. ನಾನು ಕಟ್ಟಿದ್ದೂ ಚಿತ್ರದ ಹಾಗಿಲ್ಲ, ಕಿಟಕಿಯಲ್ಲಿ ನನ್ನ ಹೆಬ್ಬೆಟ್ಟು ಕೂತಿದೆ ಅಂದೆ. ಗೊತ್ತು, ನೋಡಿದ್ದೇನೆ ಅಂದರು. ಅಂದರೆ ನಾನಿಲ್ಲದಾಗ ಎತ್ತಿ ನೋಡಿದ್ದರು.

ಅದರ ಮುಂದಿನ ವಾರ ಎಳ್ಳ ಅಮಾವಾಸ್ಯೆ. ಚಿಂಚೋಳಿ ಕಡೆ ಕೊಡ್ಲಿಯಲ್ಲಿ ನನ್ನ ನಾದಿನಿಯ ಹೊಲ; ಪ್ರತಿ ವರ್ಷ ಊಟಕ್ಕೆ ಅಲ್ಲಿಗೇ. ಈ ಸಲ ಮಾಸ್ಟರನ್ನೂ ಮುಕಾದಮರನ್ನೂ ಕರೆದೆವು. ಸೇಡಂವರೆಗೆ ರೈಲು, ಅಲ್ಲಿಂದ ಬಸ್ಸು. ಯಜಮಾನರು ಯಾರಿಗೂ ಹೇಳದೆ ವಿಮಾನವನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಬಸ್ಸಿನಲ್ಲಿ ಪಕ್ಕದವನು ಕೂಸಿನ ವಯಸ್ಸೆಷ್ಟು ಎಂದು ಕೇಳಿದ. ಮೂರು ವಾರ ಅಂದರು.

ಹೊಲದಲ್ಲಿ ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಕಂಬಳಿ ಹಾಸಿ, ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ ಉಂಡೆವು. ಎಲ್ಲರೂ ಅಡ್ಡಾದ ಮೇಲೆ ಟವೆಲ್ಲು ಬಿಚ್ಚಿತು. ಇದು ನೆಲದಲ್ಲೂ ಇಳಿಯುತ್ತದೆ, ನೀರಿನಲ್ಲೂ ಇಳಿಯುತ್ತದೆ ಎಂದು ಯಜಮಾನರು ತಂಗಿಗೆ ವಿವರಿಸಿದರು. ನನ್ನ ನಾದಿನಿ ಹೇಳಿದ್ದನ್ನೆಲ್ಲ ನಂಬುವ ಹೆಂಗಸಲ್ಲ.

"ಅಣ್ಣಾ, ಬಾವಿ ಅಲ್ಲೇ ಅದ. ಬಿಟ್ಟು ತೋರ್ಸು," ಅಂದಳು.

ಯಜಮಾನರು ನನ್ನ ಮುಖ ನೋಡಿದರು. ಬಿಡಿರಿ ಅಂದೆ. ಅದು ಮೆಟ್ಟಿಲಿದ್ದ ಬಾವಿ. ಅವರು ಕೆಳಗಿಳಿದು, ಎರಡೂ ಕೈಯಲ್ಲಿ ಹಿಡಿದು ನೀರಿನ ಮೇಲೆ ಮೆಲ್ಲಗೆ ಬಿಟ್ಟರು. ವಿಮಾನ ನಿಂತಿತು. ಸರ್ಕಾರಿ ನೀಲಿಯ ನನ್ನ ವಿಮಾನ ಕೊಡ್ಲಿಯ ಬಾವಿಯಲ್ಲಿ ಬಾತುಕೋಳಿಯಂತೆ ತೇಲಿತು. ಮಾಸ್ಟರ್ ವಾಹ್ ಅಂದರು. ವಿಮಾನ ಒಂದು ಸುತ್ತು ತಿರುಗಿ, ಎಡ ರೆಕ್ಕೆಯ ಕಡೆ ವಾಲಿ ಸ್ವಲ್ಪ ಯೋಚನೆ ಮಾಡಿ, ಹೆಬ್ಬೆಟ್ಟಿನ ಕಿಟಕಿಯಿಂದ ನೀರು ಕುಡಿದು, ಮೂಗು ಮುಂದೆ ಮಾಡಿ ಮುಳುಗಿತು.

ಅಷ್ಟರಲ್ಲಿ ಧಬ್ ಎಂದು ಸದ್ದಾಯಿತು. ಯಜಮಾನರು ಧೋತರ ಸಮೇತ ನೀರಿಗೆ ಹಾರಿದ್ದರು. ಅವರಿಗೆ ಈಜು ಬರುತ್ತದೆಂದು ಎಂಟು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ. ಮಾರ್ಗಶಿರದ ಆ ಕೊರೆಯುವ ನೀರಿನಲ್ಲಿ ಎರಡು ಸಲ ಮುಳುಗಿ, ಎರಡನೆಯ ಸಲ ವಿಮಾನ ಎತ್ತಿಕೊಂಡು ಮೇಲೆ ಬಂದರು. ಹಲ್ಲು ಕಟಕಟ ಅನ್ನುತ್ತಿದ್ದರೂ ಮೆಟ್ಟಿಲ ಮೇಲೆ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹೊಟ್ಟೆಯ ಹತ್ತಿರ ಒಂದು ಬಿರುಕು ತೋರಿಸಿದರು.

"ಇಲ್ಲಿ ಜೋಡು ಸರಿ ಕುಂತಿಲ್ಲ ನೋಡು. ನಾ ಆಗಿದ್ರ ಇಲ್ಲಿ ಎರಡು ಸಲ ಹಚ್ತಿದ್ದೆ."

ಹಚ್ಚಿ ತೋರಿಸಿರಿ ಅಂದೆ. ಮೊದಲು ಅವರು ನಕ್ಕರು, ಆಮೇಲೆ ಮಾಸ್ಟರ್, ಆಮೇಲೆ ನಾನು. ನಾದಿನಿ ಮಾತ್ರ ಅಣ್ಣನ ತಲೆ ಒರೆಸುತ್ತಾ, ರೈಲ್ವೆಯವರು ಇಂಥವರಿಗೆ ಹೇಗೆ ಪಗಾರ ಕೊಡುತ್ತಾರೋ ಎಂದು ಗೊಣಗಿದಳು.

ಆ ಚಳಿಗಾಲ ಮುಗಿಯುವುದರೊಳಗೆ ಟ್ರಂಕಿನ ಅರ್ಧ ಡಬ್ಬಿಗಳ ಸೀಲು ಒಡೆಯಿತು. ಯಜಮಾನರು ಕಟ್ಟಿದ ಮೊದಲ ವಿಮಾನ ಲಾರಿಯಡಿ ಸಿಕ್ಕಿದ ಮಿಡತೆಯ ಹಾಗಿತ್ತು. ಅದನ್ನೇ ಸ್ಟೂಲಿನ ಮೇಲಿಟ್ಟು ಅವರು ಎಲ್ಲರನ್ನೂ ಕೈ ತೊಳೆಯಲು ಹೇಳಿದರು. ಮಾಸ್ಟರ್ ಒಂದು ಯುದ್ಧದ ಟ್ಯಾಂಕ್ ಕಟ್ಟಿದರು. ಅದರ ಗಾಲಿಗಳಿಗೆ ಸುತ್ತುವ ಪಟ್ಟಿಯನ್ನು ಅಂಟಿಸುವ ಬದಲು ದಾರ ಹಾಕಿ ಹೊಲಿದಿದ್ದರು, ಅದು ನಿಜವಾಗಿ ಉರುಳುತ್ತಿತ್ತು. ಮುಕಾದಮರೊಬ್ಬರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆರು ಚಳಿಗಾಲ ಅವರು ಗಾಜುಕಾಗದ ಸುತ್ತಿದ ಡಬ್ಬಿಗಳನ್ನು ತಂದು ತೋರಿಸಿ ಹಾಗೇ ಒಯ್ದರು.

ಕೊನೆಗೆ ಅವರ ಮಾಲೀಕರು ಅವರನ್ನು ತಾಂಡೂರಿನ ಕಡೆಯ ಗಣಿಗೆ ಕಳಿಸಿದರು. ಹೊರಡುವ ದಿನ, ಭಾನುವಾರ ಬೆಳಿಗ್ಗೆಯೇ ಬಂದವರು ತಮ್ಮ ಅತ್ಯಂತ ಹಳೆಯ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ನನ್ನ ಹತ್ತಿರ ಈಳಿಗೆ ಕೇಳಿದರು. ಈಳಿಗೆ ಬೇಡವೆಂದು ಮಾಸ್ಟರ್ ತಮ್ಮ ಕತ್ತರಿ ಕೊಟ್ಟರು. ಮುಕಾದಮರು ಮದುಮಗಳ ಸೆರಗು ಸರಿಸುವಂತೆ ಗಾಜುಕಾಗದ ಸರಿಸಿ, ಚೂರುಗಳನ್ನು ಒಂದೊಂದಾಗಿ ಶಾಲಿನ ಮೇಲೆ ಇಡುತ್ತಾ ಬಂದು, ಅರ್ಧದಲ್ಲಿ ನಿಂತರು. ರೆಕ್ಕೆಗಳು ಎರಡೂ ಎಡಗಡೆಯವು. ಬಲಗಡೆಯ ರೆಕ್ಕೆಯೇ ಇರಲಿಲ್ಲ. ತಯಾರಿಸಿದ ಪುಣ್ಯಾತ್ಮರು ತುಂಬುವಾಗಲೇ ಎಡವಿದ್ದರು.

ಅವರು ಅಳುತ್ತಾರೇನೋ ಎಂದು ನನಗೆ ಭಯವಾಯಿತು.

"ಇಷ್ಟ್ ವರ್ಷ ಕುಂಟ ವಿಮಾನ ಎದಿಗವಚಿಕೊಂಡು ಅಡ್ಡಾಡೀನಲ್ರಿ ಅಕ್ಕೋರೆ," ಅಂದು ಮುಕಾದಮರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಎಡ ತೋಳನ್ನು ಒಳಗಿನದು ಹೊರಗೆ ಮಾಡಿದರೆ ಬಲ ತೋಳು ಎಂದು ಮಾಸ್ಟರ್ ತೀರ್ಪು ಕೊಟ್ಟರು. ಒಂದು ರೆಕ್ಕೆಯನ್ನು ಮಗುಚಿ, ಬುಡ ಕೆತ್ತಿ, ಮುಕಾದಮರೇ ತಮ್ಮ ಕೈಯಿಂದ ಹಚ್ಚಿದರು. ಹಾಗಾಗಿ ವಿಮಾನದ ಒಂದು ಗಾಲಿ ಕೆಳಗೆ, ಒಂದು ಗಾಲಿ ಮೇಲೆ. ಹೆಂಗೂ ಲ್ಯಾಂಡ್ ಆಗ್ತದ ಎಂದು ಯಜಮಾನರು ಒಪ್ಪಿಗೆ ಕೊಟ್ಟರು. ಆ ದಿನ ಭಜಿ ಕರಿದವರೂ ಅವರೇ. ಉಪ್ಪು ಮರೆತಿದ್ದರು, ಯಾರೂ ಹೇಳಲಿಲ್ಲ.

ಮುಕಾದಮರು ಉಳಿದ ಡಬ್ಬಿಗಳನ್ನೆಲ್ಲ ನಮಗೂ ಮಾಸ್ಟರಿಗೂ ಹಂಚಿ, ಅದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಅದೇ ಸಂಜೆ ಹೈದರಾಬಾದ್ ಕಡೆಯ ಗಾಡಿಯಲ್ಲಿ ಕೂತರು. ಅಂಟು ಇನ್ನೂ ಹಸಿ ಇತ್ತು. ಗಾಡಿ ಬಿಟ್ಟಾಗ ಬೀಳ್ಕೊಡಲು ಬಂದ ನಮ್ಮ ಕಡೆ ಅವರು ಕೈ ಬೀಸಲಿಲ್ಲ. ಒಂದು ಕೈಯಲ್ಲಿ ಬಲ ರೆಕ್ಕೆ, ಇನ್ನೊಂದರಲ್ಲಿ ಎಡ ರೆಕ್ಕೆ ಹಿಡಿದಿದ್ದರು.