ಎಡಕ್ಕೆ ಸುತ್ತಿದ ಗಂಟು

ಊರವರ ಬಾಯಲ್ಲಿ ಅವಳು ಎಡಚಕ್ಕ. ಬಲೆ ಹೆಣೆಯುವುದೂ ಎಡಗೈಯಲ್ಲೇ, ಬೈಯುವಾಗ ಬೆರಳು ತೋರಿಸುವುದೂ ಎಡಗೈಯಲ್ಲೇ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹರಿದ ಬಲೆ ತಂದವರು ಮೊದಲು ಅವಳ ಮುಖ ನೋಡಿ, ಆಮೇಲೆ ಹೆಗಲಿನ ಹೊರೆ ಇಳಿಸುತ್ತಿದ್ದರು. ಆದರೆ ಅವಳ ಕೈ ಬಿದ್ದ ಬಲೆ ಮತ್ತೆ ಅದೇ ಜಾಗದಲ್ಲಿ ಹರಿದದ್ದನ್ನು ಕಂಡವರಿಲ್ಲ. ಈ ಮಾತನ್ನು ಅವಳೇ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದಳು. ನಿಜವಿದ್ದದ್ದನ್ನು ಹೇಳಿಕೊಂಡರೆ ತಪ್ಪೇನು?

ಕೆಲಸ ಕಲಿಸಿದವರು ಅತ್ತೆ. ಹೆತ್ತ ಮಗಳು ಕೈ ಒರಟಾಗುತ್ತದೆಂದು ಹಗ್ಗ ಮುಟ್ಟಲಿಲ್ಲ, ಸೊಸೆ ಮುಟ್ಟಿದಳು. “ಎಡಗೈಲಿ ಹಾಕಿದ ಗಂಟು ನಿಲ್ಲಲ್ಲ ಕಣೇ” ಎಂದು ಗೊಣಗುತ್ತಲೇ ಅತ್ತೆ ಎಲ್ಲವನ್ನೂ ಕಲಿಸಿದರು. ಕಡಲಮ್ಮನ ಹಳೆಯ ಗುಡಿಯಲ್ಲಿ ಎತ್ತರದಲ್ಲಿ ತೂಗುವ ಗಂಟೆಗೆ ಹಗ್ಗ ಹೊಸೆದುಕೊಡುವ ಹಕ್ಕು ತಲೆತಲಾಂತರದಿಂದ ಆ ಮನೆಯದು. ಅತ್ತೆಯ ಕೈ ಸೋತ ವರ್ಷ ಅದನ್ನು ಹೊಸೆದು, ತುದಿಗೆ ಮುಷ್ಟಿಯಷ್ಟು ದಪ್ಪದ ಗಂಟು ಹಾಕಿದ್ದು ಎಡಚಕ್ಕ.

ಅತ್ತೆ ತೀರಿಕೊಂಡ ಮೇಲೂ ದೂರದ ಊರಿನ ನಾದಿನಿ ಫೋನು ಮಾಡಿದಾಗಲೆಲ್ಲ ಕೇಳುವುದು ಒಂದೇ: “ನಮ್ಮಮ್ಮನ ಹಗ್ಗ ಹೇಗಿದೆ ಅತ್ತಿಗೆ?” ಎಡಚಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. “ಒಂದ್ಸಲ ಬಂದು ನೋಡು, ಯಾರದ್ದು ಅಂತ ಗೊತ್ತಾಗುತ್ತೆ” ಎಂದು ಫೋನು ಇಟ್ಟುಬಿಡುತ್ತಿದ್ದಳು.

ಕೊನೆಗೂ ನಾದಿನಿ ಬಂದಳು, ಮೊಣಕಾಲು ನೋವನ್ನೂ ಕರೆದುಕೊಂಡು. ಅವಳನ್ನು ಸರಿಯಾಗಿ ಕೂರಲೂ ಬಿಡದೆ ಎಡಚಕ್ಕ ಗುಡಿಗೆ ಹೊರಡಿಸಿದಳು. ಮಂಜುಗಡ್ಡೆ ಕಾರ್ಖಾನೆ ದಾಟಿ, ಉಪ್ಪುಗಾಳಿಗೆ ಸುಣ್ಣ ಉದುರಿದ ಅಂಗಡಿಗಳ ಬೀದಿಯುದ್ದಕ್ಕೂ ಹಗ್ಗದ್ದೇ ಮಾತು. ಗುಡಿಯ ಬಾಗಿಲಲ್ಲಿ ತಲೆಯೆತ್ತಿದರೆ ಗಂಟೆಗೆ ಹೊಳೆಯುವ ಸ್ಟೀಲಿನ ಸರಪಳಿ.

ನಾದಿನಿ ಸರಪಳಿಯನ್ನೊಮ್ಮೆ, ಅತ್ತಿಗೆಯನ್ನೊಮ್ಮೆ ನೋಡಿದಳು. ಬಾಯಿಬಿಟ್ಟು ಅಂದಿದ್ದರೇ ವಾಸಿಯಿತ್ತು.

“ಯಾರೋ ಭಕ್ತರು ಕೊಟ್ರಮ್ಮ” ಎಂದು ಪೂಜಾರಿ ಶುರುಮಾಡಿದರು. “ಹಗ್ಗನ ಇಳಿಸಿ…”

“ಗೊತ್ತಾಯ್ತು ಬಿಡಿ.” ಎಡಚಕ್ಕ ಅಷ್ಟಕ್ಕೇ ಅವರ ಬಾಯಿ ಮುಚ್ಚಿಸಿ, ಮುಖ ಊದಿಸಿಕೊಂಡು ಸಮುದ್ರಕ್ಕಿಳಿಯುವ ಮೆಟ್ಟಿಲ ಕಡೆ ಹೊರಟಳು. ದೇವಿಗೆ ಕೈಮುಗಿಯುವುದೂ ಮರೆತುಹೋಯಿತು.

ಹಿಂದೆಯೇ ಕುಂಟುತ್ತ ಬಂದ ನಾದಿನಿ ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಕೈಗೆ ಸಿಕ್ಕಿದ್ದನ್ನು ಹಿಡಿದು ಹೇಗೋ ನಿಂತಳು. ಎಡಚಕ್ಕ ಓಡಿಬಂದು ನೋಡಿದರೆ, ಗೋಡೆಯ ಕಬ್ಬಿಣದ ಬಳೆಗಳಲ್ಲಿ ಪೋಣಿಸಿದ ಒಂದು ಹಗ್ಗ ಮೆಟ್ಟಿಲುದ್ದಕ್ಕೂ ಇಳಿದಿತ್ತು. ಮೇಲ್ತುದಿಯಲ್ಲಿ ಬಳೆಗೆ ಸಿಕ್ಕಿ ಹಗ್ಗವನ್ನು ಜಾರದಂತೆ ಹಿಡಿದಿದ್ದ ಗಂಟು ನಾದಿನಿಯ ಮುಷ್ಟಿಯಲ್ಲಿತ್ತು.

“ಪೂರ್ತಿ ಕೇಳಿಸ್ಕೊಳ್ಳೋ ತಾಳ್ಮೆ ಎಲ್ಲಿದೆ ನಿಮಗೆ?” ಮೇಲಿನಿಂದ ಪೂಜಾರಿ ಕೂಗಿದರು. “ವಯಸ್ಸಾದವರು ಇಲ್ಲಿ ಜಾರಿ ಬೀಳ್ತಿದ್ರು. ಗಂಟೆ ಬಾರಿಸೋಕೆ ಸರಪಳಿ ಆದರೂ ನಡೆಯುತ್ತೆ. ಜನರ ಜೀವಕ್ಕೆ ನಿಮ್ಮ ಹಗ್ಗವೇ ಬೇಕು ಅಂತ ಇಲ್ಲಿ ಕಟ್ಟಿಸಿದೆ.”

ನಾದಿನಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವಳು ಕಣ್ಣು ಮುಚ್ಚಿ ಗಂಟಿನ ಮೇಲೆ ಬೆರಳಾಡಿಸುತ್ತಿದ್ದಳು.

“ಚಿಕ್ಕವಳಿದ್ದಾಗ ಅಮ್ಮ ಹಾಕಿದ ಗಂಟುಗಳ ಜೊತೆಗೇ ಆಡ್ತಿದ್ದೆ ಅತ್ತಿಗೆ. ಅಮ್ಮನದು ಬಲಕ್ಕೆ ಸುತ್ತುತ್ತೆ. ಇದು ಎಡಕ್ಕೆ.” ಅವಳ ದನಿ ತಗ್ಗಿತು. “ಇದು ನಿಮ್ಮದು. ಇಷ್ಟು ವರ್ಷ ನಾನು ಸುಮ್ಮನೆ ಹಟ ಮಾಡ್ದೆ.”

ಎಷ್ಟೋ ದಿನದಿಂದ ಮಸೆದು ಇಟ್ಟುಕೊಂಡಿದ್ದ ಮಾತುಗಳನ್ನು ಬದಿಗಿಟ್ಟು ಎಡಚಕ್ಕ ನಾದಿನಿಯ ತೋಳು ಹಿಡಿದಳು. ತನ್ನ ಕೈಯ ಬಗ್ಗೆ ಇಷ್ಟು ಹೆಮ್ಮೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

“ಇಳಿಯೋಣ, ಕಾಲು ತೊಳ್ಕೊ” ಎಂದಳು. ನಾದಿನಿ ಅನುಮಾನದಿಂದ ಮೊಣಕಾಲು ನೋಡಿಕೊಂಡಳು. “ಭಾರ ಪೂರ್ತಿ ಹಗ್ಗದ ಮೇಲೆ ಬಿಡು. ಏನೂ ಆಗಲ್ಲ.”

ನಾದಿನಿ ಭಾರ ಬಿಟ್ಟಳು. ಅತ್ತೆ ನಿಲ್ಲುವುದಿಲ್ಲ ಎಂದಿದ್ದ ಗಂಟು ಅವರ ಮಗಳನ್ನು ನೀರಿನವರೆಗೂ ಇಳಿಸಿತು.